ನೇಸರಿಯ ಖಿಂಡಿಯಲ್ಲಿ ಹೆಸರಿಲ್ಲದವರು

ಹಳೆಯ ರಣರಂಗವಿದ್ದಲ್ಲಿ ಬಹುಮಟ್ಟಿಗೆ ಒಂದು ದೆವ್ವದ ಕಥೆಯೂ ಇರುತ್ತದೆ. ಆ ದೆವ್ವ ಬಯಲಿನ ನಡುವೆ ನಿಲ್ಲುವುದು ಅಪರೂಪ. ದಾರಿಹೋಕರು ಹಾದೇ ಹೋಗಬೇಕಾದ ಇಕ್ಕಟ್ಟಿನ ಜಾಗವನ್ನು ಅದು ಹಿಡಿದಿರುತ್ತದೆ. ಹೊಳೆಯ ಸೀಮೆಯಲ್ಲಿ ಸೇತುವೆ, ಬಯಲುಸೀಮೆಯಲ್ಲಿ ಹಳ್ಳದ ದಾಟು, ಗುಡ್ಡಗಳ ಸೀಮೆಯಲ್ಲಿ ಖಿಂಡಿ. ನಮ್ಮ ಗಡಹಿಂಗ್ಲಜ ತಾಲ್ಲೂಕಿನ ಮಟ್ಟಿಗೆ ಅಂಥ ಜಾಗ ನೇಸರಿಯ ಖಿಂಡಿ. ಊರಿನ ಹೆಸರು ಕೇಳಿದರೆ ಕನ್ನಡದ ಕಿವಿಗೆ ನೇಸರು, ಅಂದರೆ ಸೂರ್ಯ, ನೆನಪಾಗುತ್ತದೆ. ಆದರೆ ಚಿಕ್ಕಂದಿನಲ್ಲಿ ಆ ಜಾಗದ ಬಗ್ಗೆ ನಾನು ಕೇಳಿದ ಕಥೆಗಳೆಲ್ಲ ಕತ್ತಲಿಗೆ ಸೇರಿದವು.

ನಮ್ಮ ಆಯಿ ಹೇಳುತ್ತಿದ್ದ ಕಥೆಯಲ್ಲಿ ನಡುರಾತ್ರಿ ಖಿಂಡಿಯ ಏರಿನಲ್ಲಿ ಕುದುರೆಗಳ ಗೊರಸಿನ ಸದ್ದು ಕೇಳುತ್ತಿತ್ತು. ಏರಿಹೋಗುವ ಸದ್ದು ಮಾತ್ರ. ಹಿಂದಿರುಗುವ ಸದ್ದು ಎಂದೂ ಇಲ್ಲ. ಹಿಂದಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಮೂರನೆಯ ಕೂಗಿನವರೆಗೆ ಓಗೊಡಬಾರದು ಎಂಬ ಕಟ್ಟಪ್ಪಣೆ ಬೇರೆ. ಬೆಲ್ಲದ ಗಾಡಿ ಹೊಡೆಯುತ್ತಿದ್ದ ನಮ್ಮ ಸೋದರಮಾವನದು ಇನ್ನೊಂದು ಕಥೆ. ಒಂದು ರಾತ್ರಿ ಎತ್ತುಗಳು ಖಿಂಡಿಯ ಬಾಯಲ್ಲಿ ನಿಂತವು, ಬೆಳಗಾಗುವವರೆಗೆ ಒಂದು ಹೆಜ್ಜೆ ಮುಂದಿಡಲಿಲ್ಲ. "ನೀನು ಏನಾದರೂ ಕಂಡೆಯಾ ಮಾವಾ?" ಎಂದು ನಾವು ಕೇಳಿದರೆ, "ನಾ ಏನೂ ಕಾಣಲಿಲ್ಲಪಾ, ಎತ್ತು ಕಂಡಿದ್ದವು" ಎನ್ನುತ್ತಿದ್ದ. ವಕೀಲನಾದ ಮೇಲೆ ಆ ಮಾತು ನೆನೆದು ನಕ್ಕಿದ್ದೇನೆ. ಸಾಕ್ಷ್ಯದ ಕಾನೂನಿನಲ್ಲಿ ಒಂದು ಮೂಲನಿಯಮವಿದೆ: ಬಾಯಿಮಾತಿನ ಸಾಕ್ಷ್ಯ ನೇರವಾಗಿರಬೇಕು. ಕಂಡದ್ದನ್ನು ಕಂಡವನೇ ಹೇಳಬೇಕು, ಕೇಳಿದ್ದನ್ನು ಕೇಳಿದವನೇ ಹೇಳಬೇಕು. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 60ನೆಯ ಕಲಮಿನಲ್ಲಿ ಇದ್ದ ಈ ನಿಯಮ 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಅಧಿನಿಯಮದಲ್ಲಿಯೂ ಉಳಿದುಕೊಂಡಿದೆ. ಎತ್ತು ಕಂಡದ್ದನ್ನು ಮಾವ ಹೇಳಿದರೆ ಯಾವ ನ್ಯಾಯಾಲಯವೂ ಬರೆದುಕೊಳ್ಳುವುದಿಲ್ಲ. ದೆವ್ವದ ಕಥೆಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ. ಕಂಡವನು ಹೇಳುವವನಲ್ಲ, ಹೇಳುವವನು ಕಂಡವನಲ್ಲ.

ಹಾಗೆಂದು ಕಥೆಯನ್ನು ಕಸದ ಬುಟ್ಟಿಗೆ ಹಾಕಬೇಕೆ? ಅದಕ್ಕೆ ಮೊದಲು ಖಿಂಡಿಯಲ್ಲಿ ನಡೆದದ್ದೇನು ಎಂಬುದನ್ನು ನೋಡೋಣ.

1673ರಲ್ಲಿ ಶಿವಾಜಿ ಮಹಾರಾಜರ ಸರನೌಬತ್ ಪ್ರತಾಪರಾವ್ ಗುಜರ್ ಅವರು ಬಿಜಾಪುರದ ಆದಿಲಶಾಹಿಯ ಪಠಾಣ ಸರದಾರ ಬಹಲೋಲ್ ಖಾನನನ್ನು ಉಮರಾಣಿಯ ಬಳಿ ಸುತ್ತುವರಿದರು. ಉಮರಾಣಿ ಇರುವುದು ಜತ್ತ ತಾಲ್ಲೂಕಿನಲ್ಲಿ, ಕನ್ನಡವಾಡುವ ಸೀಮೆಯಲ್ಲಿ. ನೀರಿನ ದಾರಿ ಕಟ್ಟಿಹೋಗಿ ಖಾನನ ಸೈನ್ಯ ಬಾಯಾರಿ ಕಂಗೆಟ್ಟಿತು. ಖಾನ ಶರಣೆಂದ, ಪ್ರತಾಪರಾಯರು ಹೋಗಗೊಟ್ಟರು. ಹಾಗೆ ಹೋದವನು ತಿಂಗಳುಗಳಲ್ಲಿಯೇ ಮತ್ತೆ ಮೇಲೇರಿ ಬಂದ. ಖಾನನನ್ನು ಮುಗಿಸದೆ ನಮಗೆ ಮುಖ ತೋರಿಸಬೇಡಿ ಎಂಬ ಅರ್ಥದ ಕಟುವಾದ ಪತ್ರ ಮಹಾರಾಜರಿಂದ ಹೋಯಿತೆಂದು ಬಖರುಗಳು ಹೇಳುತ್ತವೆ. 1674ರ ಫೆಬ್ರವರಿ 24ರಂದು ಪ್ರತಾಪರಾಯರು ನೇಸರಿಯ ಬಳಿ, ಹಿಂದಿದ್ದ ಸೈನ್ಯಕ್ಕೆ ಕಾಯದೆ, ಆರು ಮಂದಿ ಸವಾರರೊಡನೆ ಖಾನನ ದಂಡಿನ ಮೇಲೆ ನುಗ್ಗಿದರು. ಏಳು ಮಂದಿಯೂ ಮಡಿದರು. ಅದೇ ವರ್ಷದ ಜೂನ್ 6ರಂದು ರಾಯಗಡದಲ್ಲಿ ಮಹಾರಾಜರ ಪಟ್ಟಾಭಿಷೇಕ ನಡೆದಾಗ ಸೇನಾಪತಿಯ ಸ್ಥಾನದಲ್ಲಿ ಹಂಬೀರರಾವ್ ಮೋಹಿತೆ ಇದ್ದರು. ಪ್ರತಾಪರಾಯರ ಮಗಳು ಜಾನಕಿಬಾಯಿಯನ್ನು ಮಹಾರಾಜರು ತಮ್ಮ ಮಗ ರಾಜಾರಾಮರಿಗೆ ತಂದುಕೊಂಡರು.

ಈ ಘಟನೆಗೆ ಆ ಕಾಲದ್ದೇ ಒಂದು ದಾಖಲೆಯಿದೆ. ಇಂಗ್ಲಿಷ್ ಕಂಪನಿಯ ದುಭಾಷಿಯಾಗಿದ್ದ ನಾರಾಯಣ ಶೇಣವಿ 1674ರ ಏಪ್ರಿಲ್‌ನಲ್ಲಿ ರಾಯಗಡದಿಂದ ಬರೆದ ಪತ್ರ ಅದು. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ, ಉಳಿದ ಸೈನ್ಯದ ಬೆಂಬಲವಿಲ್ಲದೆ, ಆರು ಸವಾರರೊಡನೆ ಪ್ರತಾಪರಾಯರು ಸತ್ತರೆಂಬ ಸುದ್ದಿ ಅದರಲ್ಲಿದೆ. ಒಬ್ಬರ ಹೆಸರು, ಆರು ಎಂಬ ಎಣಿಕೆ. ಆ ಆರು ಮಂದಿಯ ಹೆಸರುಗಳನ್ನು ಹೇಳುತ್ತ ಬಂದದ್ದು ಪರಂಪರೆ: ವಿಸಾಜಿ ಬಲ್ಲಾಳ, ದೀಪೋಜಿ ರಾವುತರಾವ್, ವಿಠ್ಠಲ ಪಿಲಾಜಿ ಅತ್ರೆ, ಕೃಷ್ಣಾಜಿ ಭಾಸ್ಕರ, ಸಿದ್ದಿ ಹಿಲಾಲ್, ವಿಠೋಜಿ ಶಿಂದೆ. ಮುಂದೆ ಕುಸುಮಾಗ್ರಜರು ಈ ಏಳು ಮಂದಿಯ ಮೇಲೆ ಕವಿತೆ ಬರೆದರು. ಲತಾ ಮಂಗೇಶ್ಕರರ ಕಂಠದಲ್ಲಿ ಅದು ಮನೆಮನೆಯನ್ನೂ ಮುಟ್ಟಿತು. ನೇಸರಿಯಲ್ಲಿ ಇಂದು ಅವರ ಸ್ಮಾರಕವಿದೆ. ಕಲ್ಲು, ಕವಿತೆ, ಹಾಡು ಎಲ್ಲವೂ ಅವರಿಗೆ ಸಂದಿವೆ. ಹಾಗಿದ್ದರೆ ರಾತ್ರಿ ಖಿಂಡಿಯಲ್ಲಿ ಅಲೆಯುವವರು ಯಾರು?

ಈ ಪ್ರಶ್ನೆಗೆ ಉತ್ತರ ಹುಡುಕುವಾಗ ನನಗೆ ನೆರವಾದದ್ದು ಬಹು ದೂರದ ಒಂದು ಸೇತುವೆಯ ಕಥೆ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಗೆಟಿಸ್‌ಬರ್ಗ್ ಎಂಬ ಊರಿದೆ. ಅದರ ಹತ್ತಿರ ಮಾರ್ಶ್ ಕ್ರೀಕ್ ಎಂಬ ಹೊಳೆಗೆ 1850ರ ದಶಕದಲ್ಲಿ ಕಟ್ಟಿದ ಸುಮಾರು 100 ಅಡಿ ಉದ್ದದ ಮರದ ಸೇತುವೆ ಇದೆ. ಹೆಸರು ಸ್ಯಾಕ್ಸ್ ಸೇತುವೆ. ಅದಕ್ಕೆ ಮನೆಯ ಹಾಗೆ ಎರಡು ಬದಿಗೆ ಹಲಗೆಯ ಗೋಡೆ, ಮೇಲೆ ಛಾವಣಿ. ಮಳೆ ಹಿಮಕ್ಕೆ ಮರದ ಕಟ್ಟು ಕೊಳೆಯಬಾರದೆಂದು ಆ ಸೀಮೆಯಲ್ಲಿ ಸೇತುವೆಗಳಿಗೆ ಹೀಗೆ ಛಾವಣಿ ಹಾಕುತ್ತಿದ್ದರು. ಒಳಗೆ ಹಗಲಿನಲ್ಲಿಯೂ ಮಬ್ಬು. ಹೆಜ್ಜೆಯಿಟ್ಟರೆ ಹಲಗೆ ದನಿಗೊಡುತ್ತದೆ. ದೆವ್ವದ ಕಥೆಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆ?

1863ರ ಜುಲೈ 1ರಿಂದ 3ರವರೆಗೆ ಅಮೆರಿಕದ ಅಂತರ್ಯುದ್ಧದ ದೊಡ್ಡ ಕಾಳಗ ಗೆಟಿಸ್‌ಬರ್ಗಿನಲ್ಲಿ ನಡೆಯಿತು. ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು, ಕಾಣೆಯಾದವರು ಕೂಡಿ ಸುಮಾರು 51,000 ಮಂದಿ. ಉತ್ತರದ ಸೈನ್ಯವೂ ದಕ್ಷಿಣದ ಸೈನ್ಯವೂ ಆ ಸೇತುವೆಯನ್ನು ಬಳಸಿದವು. ಸೋತ ದಕ್ಷಿಣದ ಸೈನ್ಯದ ಒಂದು ಭಾಗ ಹಿಮ್ಮೆಟ್ಟಿದ್ದು ಅದರ ಮೇಲೆಯೇ. ಸೈನ್ಯ ಬಿಟ್ಟು ಓಡಿಹೋಗಲು ನೋಡಿದ ದಕ್ಷಿಣದ ಮೂವರು ಸೈನಿಕರನ್ನು ಈ ಸೇತುವೆಯ ತೊಲೆಗೆ ನೇಣುಹಾಕಿದರು, ಅವರೇ ಇಂದಿಗೂ ಅಲ್ಲಿ ಅಲೆಯುತ್ತಾರೆ ಎಂಬುದು ಕಥೆ. ಅದನ್ನು ನಂಬಿ ಜನ ರಾತ್ರಿಹೊತ್ತು ಕ್ಯಾಮೆರಾ ಹಿಡಿದು ಹೋಗುತ್ತಾರೆ. ಅಂಥ ನೇಣಿಗೆ ದಾಖಲೆಯ ಆಧಾರವಿಲ್ಲ. 1996ರ ನೆರೆಯಲ್ಲಿ ಸೇತುವೆ ತನ್ನ ಕಂಬಗಳಿಂದ ಕಿತ್ತುಹೋಗಿತ್ತು. ಮರುವರ್ಷ ಅದನ್ನು ಎತ್ತರಿಸಿ ಮತ್ತೆ ನಿಲ್ಲಿಸಿದರು. ಕಥೆ ಮಾತ್ರ ನೆರೆಗೂ ಕೊಚ್ಚಿಹೋಗಲಿಲ್ಲ.

ಕಥೆಯಲ್ಲಿ ನೇಣಿಗೇರಿದವರು ದಕ್ಷಿಣದವರೇ ಏಕೆ? ಕಾಳಗದ ನಂತರ ಗೆಟಿಸ್‌ಬರ್ಗಿನಲ್ಲಿ ರಾಷ್ಟ್ರೀಯ ಸ್ಮಶಾನ ಮಾಡಿದರು. 1863ರ ನವೆಂಬರ್ 19ರಂದು ಅಧ್ಯಕ್ಷ ಲಿಂಕನ್ ಭಾಷಣ ಮಾಡಿದ್ದು ಅಲ್ಲಿಯೇ. ಅದು ಉತ್ತರದ ಸೈನಿಕರಿಗಾಗಿ ಮಾಡಿದ ಸ್ಮಶಾನ. ಅಲ್ಲಿ ಗುರುತು ಸಿಗದ 979 ಮಂದಿಯ ಗೋರಿಗಳಿವೆ. ಅವರಿಗೂ ಒಂದೊಂದು ಪುಟ್ಟ ಅಮೃತಶಿಲೆ, ಅದರ ಮೇಲೆ ಒಂದು ಸಂಖ್ಯೆ. ದಕ್ಷಿಣದವರ ಶವಗಳು ಹೊಲಗಳಲ್ಲಿ ತೋಡಿದ ಗುಂಡಿಗಳಲ್ಲಿಯೇ ಇದ್ದವು. 1871ರಿಂದ ದಕ್ಷಿಣದ ಹೆಂಗಸರ ಸಂಘಗಳು ಹಣ ಕೂಡಿಸಿ, ಸಿಕ್ಕಷ್ಟು ಎಲುಬುಗಳನ್ನು ತಮ್ಮ ಊರುಗಳಿಗೆ ಒಯ್ದವು. ಅಂದರೆ ಸುಮಾರು ಎಂಟು ವರ್ಷ ಆ ಊರಿನ ರೈತರು ಹೆಸರಿಲ್ಲದ ಹೆಣಗಳ ಮಗ್ಗುಲಲ್ಲಿ ನೇಗಿಲು ಹೊಡೆದರು. ಕಲ್ಲು ಪಡೆದವರು ಸ್ಮಶಾನದಲ್ಲಿ ನೆಲೆನಿಂತರು. ಕಲ್ಲು ಪಡೆಯದವರು ಕಥೆಯೊಳಗೆ ಸೇರಿ ಸೇತುವೆಗೆ ಬಂದರು. ನಾನು ಕಂಡುಕೊಂಡ ಸೂತ್ರ ಇಷ್ಟೇ: ಊರು ಯಾರ ಸಾವಿನ ಲೆಕ್ಕ ಇಡಲಿಲ್ಲವೋ ಅವರನ್ನು ದೆವ್ವ ಮಾಡಿ ನೆನಪಿಟ್ಟುಕೊಳ್ಳುತ್ತದೆ.

ನಮ್ಮ ಹಿರಿಯರಿಗೆ ಇದು ತಿಳಿದಿತ್ತೆಂದು ತೋರುತ್ತದೆ. ಕನ್ನಡ ನಾಡಿನಲ್ಲಿ ಕಾಳಗದಲ್ಲಿ ಬಿದ್ದವನಿಗೆ ವೀರಗಲ್ಲು ನಿಲ್ಲಿಸುವುದು ಶತಮಾನಗಳ ರೂಢಿ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಅವನು ಹೋರಾಡಿದ ಬಗೆ, ನಡುವಿನದರಲ್ಲಿ ಅಪ್ಸರೆಯರು ಅವನನ್ನು ಕರೆದೊಯ್ಯುವ ಬಗೆ, ಮೇಲಿನದರಲ್ಲಿ ಅವನು ಶಿವಲಿಂಗದ ಎದುರು ಕುಳಿತಿರುವ ಬಗೆ. ತುದಿಯಲ್ಲಿ ಸೂರ್ಯ ಚಂದ್ರ. ದನ ಕಾಯುವಾಗ ಸತ್ತ ಸಾಮಾನ್ಯನಿಗೂ ಕಲ್ಲುಂಟು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ 10ನೆಯ ಶತಮಾನದ ಶಾಸನವಂತೂ ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗಾಗಿ ನಿಲ್ಲಿಸಿದ ಕಲ್ಲು. ಸಾವಿರ ವರ್ಷಗಳ ಮೇಲೂ ಆ ನಾಯಿಯ ಹೆಸರು ನಮಗೆ ಗೊತ್ತು. ಕೊಲ್ಹಾಪುರ ಜಿಲ್ಲೆಯಲ್ಲಿಯೂ ವೀರಗಲ್ಲುಗಳಿಗೆ ಬರವಿಲ್ಲ. ಶಿರೋಳ ತಾಲ್ಲೂಕಿನ ಖಿದ್ರಾಪುರದ ಕೋಪೇಶ್ವರ ಗುಡಿಗೆ ಹೋದವರು ಅಲ್ಲಿಯ ಕನ್ನಡ ಶಾಸನಗಳನ್ನೂ ನೋಡಿರಬಹುದು. ಈ ನೆಲದಲ್ಲಿ ಸತ್ತವರ ಹೆಸರನ್ನು ಕನ್ನಡದಲ್ಲಿ ಕಲ್ಲಿಗೆ ಕೊಟ್ಟ ಕಾಲವೊಂದಿತ್ತು.

1674ರ ಹೊತ್ತಿಗೆ ಆ ರೂಢಿ ಬಹುಮಟ್ಟಿಗೆ ಸವೆದಿತ್ತು. ಆ ವರ್ಷ ಈ ಸೀಮೆಯ ಕಾಳಗಗಳಲ್ಲಿ ಬಿದ್ದ ಬಿಜಾಪುರದ ಕಡೆಯ ಕಾಲಾಳುಗಳಿಗೆ, ಕುದುರೆ ಕಾಯುವವರಿಗೆ, ಹೊರೆ ಹೊತ್ತವರಿಗೆ ಕಲ್ಲಿಲ್ಲ, ಹಾಡಿಲ್ಲ. ಬಿಜಾಪುರ ಕನ್ನಡ ನಾಡಿನ ನಡುವೆ ಇದ್ದ ರಾಜಧಾನಿ. ಅದರ ಚಾಕರಿಯಲ್ಲಿ ಕನ್ನಡದ ಮಕ್ಕಳಿದ್ದರು, ಮರಾಠಾ ಸರದಾರರಿದ್ದರು, ಪಠಾಣರು, ಹಬಶಿಗಳು ಇದ್ದರು. ಶಿವಾಜಿ ಮಹಾರಾಜರ ತಂದೆ ಶಹಾಜಿ ರಾಜರೇ ಆದಿಲಶಾಹಿಯ ಸರದಾರರಾಗಿದ್ದವರು. ಈ ಕಡೆಯ ಏಳು ಮಂದಿಯಲ್ಲಿ ಸಿದ್ದಿ ಹಿಲಾಲ್ ಎಂಬ ಹೆಸರನ್ನು ಪರಂಪರೆ ಹೇಳುತ್ತದೆ. ಅಂದಿನ ಪಕ್ಷಗಳು ಇಂದಿನ ಜಾತಿ, ಧರ್ಮ, ಭಾಷೆಯ ಗೆರೆಯ ಮೇಲೆ ನಿಂತಿರಲಿಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಒಂದು ಕುಟುಂಬ ನನ್ನ ಕಚೇರಿಗೆ ಬಂದಿತ್ತು. ಮಗಳು ಕನ್ನಡ ಶಾಲೆಯಲ್ಲಿ ಒಂಬತ್ತನೆಯ ತರಗತಿ. ಒಂದು ಸಂಜೆ ಮದುವೆ ಮುಗಿಸಿ ಖಿಂಡಿಯ ದಾರಿಯಿಂದ ಬಂದ ರಾತ್ರಿಯೇ ಅವಳು ಕೈಕಾಲು ಸೆಟೆದು ಬಿದ್ದಳು. ವಾರದಲ್ಲಿ ಮತ್ತೆರಡು ಸಲ ಹಾಗಾಯಿತು. ಗಾಳಿ ಸೋಕಿತೆಂದು ಹಿರಿಯರು ಒಬ್ಬ ಭಗತನ ಬಳಿ ಒಯ್ದರು. ಅವನು ನಿಂಬೆಹಣ್ಣು ಕೊಯ್ದು, ಅಂಗಾರ ಹಚ್ಚಿ ಹೇಳಿದ್ದು ಹೀಗೆ: ಇವಳನ್ನು ಮೆಟ್ಟಿಕೊಂಡಿರುವವನು ಖಾನನ ದಂಡಿನ ಒಬ್ಬ ಸಿಪಾಯಿ, ಇವಳ ಮನೆಮಾತು ಕನ್ನಡವಲ್ಲವೇ, ತನ್ನ ಮಾತಿನವಳೆಂದು ಗುರುತು ಹಿಡಿದು ಬಂದಿದ್ದಾನೆ. ಆಮೇಲೆ ಮೂರು ಅಮಾವಾಸ್ಯೆ ಅವಳಿಗೆ ಮೆಣಸಿನಕಾಯಿಯ ಹೊಗೆ ಹಾಕಿದರು, ಬೇವಿನ ಬರಲಿನಿಂದ ಹೊಡೆದರು. ನಾಲ್ಕನೆಯ ತಿಂಗಳು ಶಾಲೆಯ ಒಬ್ಬ ಗುರುಮಾತೆಯರು ಹಟ ಹಿಡಿದು ಡಾಕ್ಟರ ಬಳಿ ಕರೆದುಕೊಂಡು ಹೋದರು. ಅದು ಫಿಟ್ಸ್, ಮೂರ್ಛೆರೋಗ. ದಿನವೂ ಗುಳಿಗೆ ನುಂಗಿದರೆ ಹತೋಟಿಗೆ ಬರುವಂಥದು. ಗುಳಿಗೆ ಆರಂಭಿಸಿದ ಮೇಲೆ ಅವಳು ಬೀಳಲಿಲ್ಲ.

ತಂದೆ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಸಾಹೇಬ್ರ, ಅವನಿಗೆ ಕೊಟ್ಟ ರೊಕ್ಕ ಹೊಳ್ಳಿ ಬರತೈತೇನ್ರಿ?" ರೊಕ್ಕಕ್ಕಿಂತ ದೊಡ್ಡ ಕಾನೂನು ಇದೆ ಎಂದು ನಾನು ವಿವರಿಸಿದೆ. ಮಗಳು ಮೂಲೆಯ ಕುರ್ಚಿಯಲ್ಲಿ ಸುಮ್ಮನೆ ಕುಳಿತಿದ್ದಳು. ಏಳುವ ಹೊತ್ತಿಗೆ ಕೇಳಿದಳು: "ಕಾಕಾ, ನಾ ಮರಾಠಿ ಶಾಲೆಗೆ ಹೋಗಿದ್ದರ ಅವಾ ನನ್ನ ಹಿಡೀತಿದ್ದಿಲ್ಲೇನು?" ಹದಿನಾಲ್ಕು ವರ್ಷದ ಹುಡುಗಿ ತನ್ನ ರೋಗಕ್ಕೆ ತನ್ನ ಮಾತೃಭಾಷೆಯೇ ಕಾರಣವೆಂದು ನಾಲ್ಕು ತಿಂಗಳು ನಂಬಿದ್ದಳು. ಹೊಗೆಯ ಉರಿ ಕಣ್ಣಿನಿಂದ ಹೋಗಿತ್ತು. ಈ ಮಾತಿನ ಉರಿ ಹೋಗಿರಲಿಲ್ಲ. ಆ ಭಗತ ದೂರದ ನೆಂಟನೆಂಬ ಕಾರಣಕ್ಕೆ ತಂದೆ ದೂರು ಕೊಡಲಿಲ್ಲ.

ಆ ದಿನ ನಾನು ವಿವರಿಸಿದ ಕಾನೂನನ್ನು ಇಲ್ಲಿಯೂ ಹೇಳುತ್ತೇನೆ, ಏಕೆಂದರೆ ಅದು ಪ್ರತಿ ಮನೆಗೂ ತಿಳಿದಿರಬೇಕು. ನರಬಲಿ, ಅಮಾನುಷ ಮತ್ತು ಅಘೋರಿ ಪದ್ಧತಿಗಳು ಹಾಗೂ ಮಾಟಮಂತ್ರದ ವಿರುದ್ಧ ಮಹಾರಾಷ್ಟ್ರದಲ್ಲಿ 2013ರ ಅಧಿನಿಯಮವಿದೆ. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕುವುದು, ಕೋಲಿನಿಂದ ಇಲ್ಲವೆ ಚಾಟಿಯಿಂದ ಹೊಡೆಯುವುದು, ಮೆಣಸಿನಕಾಯಿಯ ಹೊಗೆ ಹಾಕುವುದು ಅದರ ಅನುಸೂಚಿಯ ಮೊದಲಲ್ಲಿಯೇ ಬರುತ್ತವೆ. ಶಿಕ್ಷೆ ಕನಿಷ್ಠ 6 ತಿಂಗಳು, ಗರಿಷ್ಠ 7 ವರ್ಷ. ದಂಡ 5,000ದಿಂದ 50,000 ರೂಪಾಯಿ. ಅಪರಾಧ ಜಾಮೀನುರಹಿತ. ಭಜನೆ, ಕೀರ್ತನೆ, ಯಾತ್ರೆಗಳನ್ನು ಈ ಕಾನೂನು ಮುಟ್ಟುವುದಿಲ್ಲ. ಆಯಿ ಮೊಮ್ಮಕ್ಕಳಿಗೆ ಹೇಳುವ ಕಥೆಯನ್ನೂ ಮುಟ್ಟುವುದಿಲ್ಲ. ಕಥೆಯ ಭಯವನ್ನು ಜೀವಂತ ಮೈಯ ಮೇಲೆ ಪ್ರಯೋಗಿಸಿದಾಗ ಮಾತ್ರ ಅದು ಅಡ್ಡಬರುತ್ತದೆ. ಕರ್ನಾಟಕದಲ್ಲಿಯೂ ಇಂಥ ಕಾನೂನು 2020ರ ಜನವರಿಯಿಂದ ಜಾರಿಯಲ್ಲಿದೆ.

ಮಹಾರಾಷ್ಟ್ರದ ಈ ಕಾನೂನಿಗಾಗಿ ವರ್ಷಗಟ್ಟಲೆ ಹೋರಾಡಿದ ಡಾ. ನರೇಂದ್ರ ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರ ಬೆಳಿಗ್ಗೆ ಪುಣೆಯಲ್ಲಿ ಗುಂಡಿಕ್ಕಿ ಕೊಂದರು. ಅದು ನಡೆದದ್ದೂ ಒಂದು ಸೇತುವೆಯ ಮೇಲೆ. ಆ ಸೇತುವೆಗೆ ಮಹರ್ಷಿ ವಿಠ್ಠಲ ರಾಮಜಿ ಶಿಂದೆಯವರ ಹೆಸರಿದೆ. ಅಸ್ಪೃಶ್ಯತೆಯ ವಿರುದ್ಧ ಬಾಳಿಡೀ ದುಡಿದ ಶಿಂದೆಯವರು ಹುಟ್ಟಿದ್ದು ಕನ್ನಡ ನೆಲದ ಜಮಖಂಡಿಯಲ್ಲಿ. ಕೊಲೆಯಾದ ಕೆಲವೇ ದಿನಗಳಲ್ಲಿ ಸರಕಾರ ಸುಗ್ರೀವಾಜ್ಞೆ ಹೊರಡಿಸಿತು, ಅದೇ ವರ್ಷದ ಕೊನೆಗೆ ವಿಧಾನಮಂಡಲ ಕಾನೂನನ್ನು ಒಪ್ಪಿತು. ಆ ಸೇತುವೆಯಲ್ಲಿ ದೆವ್ವವಿದೆಯೆಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಸತ್ತವರ ಹೆಸರು ಎಲ್ಲರಿಗೂ ಗೊತ್ತು, ಏಕೆ ಸತ್ತರೆಂಬುದೂ ಗೊತ್ತು.

ನೇಸರಿಯ ಖಿಂಡಿಯ ವಿಷಯದಲ್ಲಿ ನಾವು, ಕನ್ನಡ ಶಾಲೆಗೆ ಮಕ್ಕಳನ್ನು ಕಳಿಸುವವರು, ಮಾಡಬಹುದಾದ ಕೆಲಸವಿದೆ. ಮಕ್ಕಳಿಗೆ ದೆವ್ವದ ಕಥೆ ಹೇಳಬೇಡಿ ಎಂದು ನಾನು ಹೇಳಲಾರೆ. ಹೇಳಬೇಡಿ ಎಂದರೆ ಅವು ಇನ್ನೂ ರುಚಿಯಾಗುತ್ತವೆ. ಕಥೆ ಮುಗಿದ ಮೇಲೆ ಮೂರು ಪ್ರಶ್ನೆ ಕೇಳಲು ಕಲಿಸೋಣ. ಇದನ್ನು ಕಂಡವರು ಯಾರು? ಅವರ ಬಾಯಿಂದ ಕೇಳಿದವರು ಯಾರು? ಇದರಲ್ಲಿ ಸತ್ತವನು ಯಾರು, ಅವನ ಹೆಸರೇಕೆ ಉಳಿಯಲಿಲ್ಲ? ಮೊದಲ ಎರಡು ಪ್ರಶ್ನೆಗೆ ಭಯ ಕರಗುತ್ತದೆ. ಮೂರನೆಯದಕ್ಕೆ ಚರಿತ್ರೆ ಆರಂಭವಾಗುತ್ತದೆ.

ಆಮೇಲೆ ಒಂದು ಭಾನುವಾರ ಹಗಲಿನಲ್ಲಿ ಬುತ್ತಿ ಕಟ್ಟಿಕೊಂಡು ಮಕ್ಕಳನ್ನು ನೇಸರಿಗೆ ಕರೆದೊಯ್ಯಬೇಕು. ಸ್ಮಾರಕದ ಮುಂದೆ ಏಳು ಮಂದಿಯ ಕಥೆಯನ್ನು ಕನ್ನಡದಲ್ಲಿ ಹೇಳಬೇಕು. ಅವರ ಶೌರ್ಯಕ್ಕೆ ನಮ್ಮ ಭಾಷೆಯಲ್ಲಿಯೂ ಜಾಗವಿದೆ. ಬಳಿಕ ಖಿಂಡಿಯ ಕಡೆ ತಿರುಗಿ, ಈ ಸೀಮೆಯ ಕಾಳಗಗಳಲ್ಲಿ ಇನ್ನೂ ಅನೇಕರು ಸತ್ತರು, ಅವರನ್ನು ಯಾರೂ ಬರೆದಿಡಲಿಲ್ಲ, ಅವರಲ್ಲಿ ಕನ್ನಡ ಮಾತನಾಡುವವರೂ ಮರಾಠಿ ಮಾತನಾಡುವವರೂ ಇದ್ದಿರಬೇಕು ಎಂದು ಹೇಳಬೇಕು. ಹೊಟ್ಟೆಪಾಡಿಗೆ ದಂಡಿಗೆ ಸೇರಿ ಮನೆಗೆ ಹಿಂದಿರುಗದ ಆ ಬಡವರಿಗೆ ಯಾವ ಮಗುವನ್ನೂ ಹಿಡಿಯುವ ಉದ್ದೇಶವಿರಲಿಲ್ಲ. ಅವರಿಗೂ ಮನೆಯಲ್ಲಿ ಮಕ್ಕಳಿದ್ದರು.

ಆ ಹುಡುಗಿ ಈಗ ಕಾಲೇಜು ಮುಗಿಸಿದ್ದಾಳೆ, ಗುಳಿಗೆಯೂ ನಿಂತಿದೆಯೆಂದು ಅವಳ ತಂದೆ ಮೊನ್ನೆ ಹೇಳಿದರು. ಅವಳ ಪ್ರಶ್ನೆಗೆ ಅಂದು ನಾನು "ಇಲ್ಲವ್ವಾ, ಯಾವ ಶಾಲೆಗೆ ಹೋದರೂ ಫಿಟ್ಸ್ ಬರುತ್ತಿತ್ತು, ಅದಕ್ಕೆ ಭಾಷೆ ಗೊತ್ತಿಲ್ಲ" ಎಂದಿದ್ದೆ. ಇನ್ನೊಂದು ಮಗು ಅದೇ ಪ್ರಶ್ನೆಯನ್ನು ಕೇಳುವಂತಾಗಬಾರದು.